ಓದುಗರ ಪ್ರಶ್ನೆ, ನಮ್ಮ ಉತ್ತರ: ಟರ್ಮಿನಲ್‌ನಿಂದ ವರ್ಡ್‌ಪ್ರೆಸ್ ನಿರ್ವಹಣೆ

ಬ್ರೌಸರ್ ತೆರೆಯದೆ ಟರ್ಮಿನಲ್‌ನಿಂದಲೇ ವರ್ಡ್‌ಪ್ರೆಸ್ ಜಾಲತಾಣ ನೋಡಿಕೊಳ್ಳಲು ಇರುವ ಉಚಿತ ಸಾಧನ ಡಬ್ಲ್ಯೂಪಿ-ಸಿಎಲ್‌ಐ. ಈ ಸಲದ ಪ್ರಶ್ನೆಗಳೆಲ್ಲ ಅದರ ಸುತ್ತಲೇ ಇವೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ‘--’ ಕಂಡಲ್ಲಿ ಎರಡು ಹೈಫನ್ ಹಾಕಬೇಕು, ಅದರ ನಂತರ ಜಾಗ ಬಿಡಬಾರದು.

ನಮ್ಮ ಸಹಕಾರ ಸಂಘದ ಜಾಲತಾಣಕ್ಕೆ ಹೋಸ್ಟಿಂಗ್‌ನವರು ಎಸ್‌ಎಸ್‌ಎಚ್ ಕೊಟ್ಟಿದ್ದಾರೆ. ಡಬ್ಲ್ಯೂಪಿ-ಸಿಎಲ್‌ಐ ಹಾಕಿಕೊಳ್ಳುವುದು ಹೇಗೆ? ನನ್ನ ವಿಂಡೋಸ್ ಕಂಪ್ಯೂಟರಿಗೂ ಹಾಕಬೇಕೇ?
– ಓದುಗರು, ಹುಬ್ಬಳ್ಳಿ

ನಿಮ್ಮ ಕಂಪ್ಯೂಟರಿಗೆ ಬೇಡ. ಜಾಲತಾಣದ ಫೈಲುಗಳು ಎಲ್ಲಿವೆಯೋ ಅಲ್ಲಿ ಅದು ಇರಬೇಕು, ಅಂದರೆ ಸರ್ವರ್‌ನಲ್ಲಿ. ಎಸ್‌ಎಸ್‌ಎಚ್ (ದೂರದ ಸರ್ವರ್‌ನ ಟರ್ಮಿನಲ್‌ಗೆ ಸುರಕ್ಷಿತ ಸಂಪರ್ಕ) ಮೂಲಕ ಒಳಹೊಕ್ಕ ಕೂಡಲೇ ‘ಡಬ್ಲ್ಯೂಪಿ --ಇನ್ಫೋ’ ಎಂದು ಕೊಟ್ಟು ನೋಡಿ. ಎಷ್ಟೋ ಹೋಸ್ಟಿಂಗ್‌ಗಳಲ್ಲಿ ಅದು ಮೊದಲೇ ಇರುತ್ತದೆ. ಇಲ್ಲವಾದರೆ ಅಧಿಕೃತ ತಾಣದಲ್ಲಿ ಕೊಟ್ಟಿರುವ ಕೊಂಡಿಯಿಂದ ‘ಡಬ್ಲ್ಯೂಪಿ-ಸಿಎಲ್‌ಐ.ಫಾರ್’ ಎಂಬ ಒಂದೇ ಫೈಲನ್ನು ಕರ್ಲ್ ಬಳಸಿ ಇಳಿಸಿಕೊಳ್ಳಿ. ‘ಪಿಎಚ್‌ಪಿ ಡಬ್ಲ್ಯೂಪಿ-ಸಿಎಲ್‌ಐ.ಫಾರ್ --ಇನ್ಫೋ’ ಕೊಟ್ಟಾಗ ಆವೃತ್ತಿಯ ವಿವರ ಬಂದರೆ ಫೈಲು ಸರಿಯಾಗಿದೆ. ಆಮೇಲೆ ಫೈಲಿಗೆ ಓಡುವ ಅನುಮತಿ ಕೊಡಲು ಸಿಎಚ್‌ಮೋಡ್ +ಎಕ್ಸ್ ಮಾಡಿ, ಹೆಸರನ್ನು ಬರೀ ‘ಡಬ್ಲ್ಯೂಪಿ’ ಎಂದು ಬದಲಿಸಿ. ಸ್ವಂತ ಸರ್ವರ್ ಆದರೆ ಸುಡೋ (ನಿರ್ವಾಹಕರ ಅಧಿಕಾರ) ಬಳಸಿ /ಯುಎಸ್‌ಆರ್/ಲೋಕಲ್/ಬಿನ್ ಒಳಗೆ ಇಡಿ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಸುಡೋ ಸಿಗುವುದಿಲ್ಲ. ಹೋಮ್ ಫೋಲ್ಡರ್ ಒಳಗೆ ‘ಬಿನ್’ ಎಂಬ ಫೋಲ್ಡರ್ ಮಾಡಿ ಅಲ್ಲಿಟ್ಟು, ಅದರ ದಾರಿಯನ್ನು ಟರ್ಮಿನಲ್ ಶುರುವಾದಾಗ ಓದುವ .ಬ್ಯಾಶ್‌ಆರ್‌ಸಿ ಫೈಲಿನ ಪಾತ್ ಸಾಲಿಗೆ ಸೇರಿಸಿದರೆ ಸಾಕು.

ಮೊದಲ ದಿನವೇ ಎದುರಾಗುವ ತೊಡಕುಗಳು ಮೂರು. ‘ಇದು ವರ್ಡ್‌ಪ್ರೆಸ್ ಇರುವ ಜಾಗದಂತಿಲ್ಲ’ ಎಂಬ ಅರ್ಥದ ಎರರ್ ಬಂದರೆ ನೀವು ಬೇರೆ ಫೋಲ್ಡರ್‌ನಲ್ಲಿದ್ದೀರಿ. ವರ್ಡ್‌ಪ್ರೆಸ್ ಫೈಲುಗಳಿರುವಲ್ಲಿಗೆ ಹೋಗಿ, ಇಲ್ಲವೇ --ಪಾತ್= ಎಂದು ದಾರಿ ಕೊಡಿ. ಎರಡನೆಯದು, ಟರ್ಮಿನಲ್‌ನ ಪಿಎಚ್‌ಪಿಯೂ ಜಾಲತಾಣ ಓಡುವ ಪಿಎಚ್‌ಪಿಯೂ ಒಂದೇ ಆಗಿರಬೇಕೆಂದಿಲ್ಲ. ಹೋಸ್ಟಿಂಗ್‌ನ ನಿಯಂತ್ರಣ ಫಲಕವಾದ ಸಿಪ್ಯಾನೆಲ್‌ನಲ್ಲಿ ತಾಣಕ್ಕೆ ಹೊಸ ಆವೃತ್ತಿ ಆರಿಸಿದ್ದರೂ ಟರ್ಮಿನಲ್ ಹಳೆಯದನ್ನೇ ಹಿಡಿದುಕೊಂಡಿರಬಹುದು, ಆಗ ಪ್ಲಗಿನ್‌ಗಳು ಕಾರಣವಿಲ್ಲದೆ ಮುರಿದಂತೆ ಕಾಣುತ್ತವೆ. --ಇನ್ಫೋ ತೋರಿಸುವ ಪಿಎಚ್‌ಪಿ ಆವೃತ್ತಿಯನ್ನು ಒಮ್ಮೆ ತಾಳೆ ನೋಡಿ. ಮೂರನೆಯದು, ರೂಟ್ (ಸರ್ವರ್‌ನ ಪೂರ್ಣ ಅಧಿಕಾರದ ಖಾತೆ) ಆಗಿ ಓಡಿಸಿದರೆ ಸಾಧನ ತಡೆಯುತ್ತದೆ. ಅದನ್ನು --ಅಲೌ-ರೂಟ್ ಹಾಕಿ ದಾಟಬೇಡಿ. ಹಾಗೆ ಮಾಡಿದರೆ ತಾಣದಲ್ಲಿರುವ ಪ್ರತಿಯೊಂದು ಪ್ಲಗಿನ್‌ನ ಕೋಡ್‌ಗೂ ಇಡೀ ಸರ್ವರ್‌ನ ಬೀಗದ ಕೈ ಕೊಟ್ಟಂತೆ. ಅಪ್‌ಡೇಟ್ ಆದ ಫೈಲುಗಳ ಒಡೆತನವೂ ರೂಟ್‌ಗೆ ಹೋಗಿ, ಮುಂದೆ ಡ್ಯಾಶ್‌ಬೋರ್ಡ್‌ನಿಂದ ಅವುಗಳನ್ನು ಅಪ್‌ಡೇಟ್ ಮಾಡಲಾಗದೆ ಹೋಗಬಹುದು. ತಾಣದ ಫೈಲುಗಳು ಯಾವ ಬಳಕೆದಾರರ ಹೆಸರಿನಲ್ಲಿವೆಯೋ ಅವರಾಗಿಯೇ ಓಡಿಸಿ.

ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಬದಲಾಯಿಸಲು ಡೇಟಾಬೇಸ್‌ನ ಎಸ್‌ಕ್ಯೂಎಲ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ವಿಳಾಸಗಳನ್ನೆಲ್ಲ ಒಟ್ಟಿಗೇ ತಿದ್ದಿದೆ. ಲೇಖನಗಳು ಸರಿಯಾಗಿವೆ, ಆದರೆ ಥೀಮ್ ಸೆಟ್ಟಿಂಗ್, ವಿಜೆಟ್ ಎಲ್ಲ ಮಾಯ. ಏಕೆ?
– ಓದುಗರು, ಮೈಸೂರು

ಮೊದಲಿಗೆ, ಥೀಮ್ ಸೆಟ್ಟಿಂಗ್ ಪುಟದಲ್ಲಿ ಸೇವ್ ಒತ್ತಬೇಡಿ. ಹಳೆಯ ಮಾಹಿತಿ ಇನ್ನೂ ಡೇಟಾಬೇಸ್‌ನಲ್ಲೇ ಇದೆ, ಸೇವ್ ಒತ್ತಿದರೆ ಖಾಲಿ ಸೆಟ್ಟಿಂಗ್ ಅದರ ಮೇಲೆ ಕೂರುತ್ತದೆ.

ವರ್ಡ್‌ಪ್ರೆಸ್ ಹಲವು ಸೆಟ್ಟಿಂಗ್‌ಗಳನ್ನು ಸೀರಿಯಲೈಸ್ ಮಾಡಿ ಇಡುತ್ತದೆ. ಅಂದರೆ ಪ್ರತಿ ಪಠ್ಯದ ಹಿಂದೆ ಅದರ ಉದ್ದವನ್ನೂ ಬರೆದಿಡುತ್ತದೆ. ವಿಳಾಸ 22 ಅಕ್ಷರದ್ದಾದರೆ ಅದರ ಹಿಂದೆ ‘ಎಸ್:22:’ ಎಂದಿರುತ್ತದೆ. ನೀವು ಒಂದು ‘ಎಸ್’ ಸೇರಿಸಿದ್ದರಿಂದ ವಿಳಾಸ 23 ಆಯಿತು, ಹಿಂದಿನ 22 ಹಾಗೇ ಉಳಿಯಿತು. ಪಿಎಚ್‌ಪಿ 22 ಎಣಿಸಿ ನಿಂತಾಗ ಅಲ್ಲಿ ಉದ್ಧರಣ ಚಿಹ್ನೆ ಇರುವುದಿಲ್ಲ. ಆಗ ಆ ಸೆಟ್ಟಿಂಗ್ ಗುಚ್ಛವನ್ನು ಪೂರ್ತಿಯಾಗಿ ತಳ್ಳಿಹಾಕುತ್ತದೆ. ಲೇಖನದ ಪಠ್ಯ ಸೀರಿಯಲೈಸ್ ಆಗಿರುವುದಿಲ್ಲ, ಹಾಗಾಗಿ ಅದು ಉಳಿಯಿತು.

ಕೈಯಿಂದ ಎಣಿಸಿ ಸರಿಪಡಿಸಲು ಹೋಗುವ ಕನ್ನಡಿಗರಿಗೆ ಇನ್ನೊಂದು ಎಡವಟ್ಟು ಕಾದಿರುತ್ತದೆ: ಆ ಸಂಖ್ಯೆ ಬೈಟ್‌ಗಳದ್ದು, ಅಕ್ಷರಗಳದ್ದಲ್ಲ. ‘ಕನ್ನಡ’ ನಮಗೆ ಮೂರಕ್ಷರ. ಯುನಿಕೋಡ್‌ನಲ್ಲಿ ಕ, ನ, ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆ, ನ, ಡ ಎಂದು ಐದು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15. ಹಾಗಾಗಿ ಡೇಟಾಬೇಸ್‌ನಲ್ಲಿ ಅದು ಎಸ್:15:"ಕನ್ನಡ" ಎಂದಿರುತ್ತದೆ.

ತಿದ್ದುವ ಮುಂಚಿನ ಎಸ್‌ಕ್ಯೂಎಲ್ ಫೈಲು ನಿಮ್ಮಲ್ಲಿರಬೇಕು. ಅದನ್ನು ‘ಡಬ್ಲ್ಯೂಪಿ ಡಿಬಿ ಇಂಪೋರ್ಟ್’ ಕೊಟ್ಟು ಮತ್ತೆ ಏರಿಸಿ. ನಂತರ ಈ ಕ್ರಮ ಹಿಡಿಯಿರಿ:

ಡಬ್ಲ್ಯೂಪಿ ಡಿಬಿ ಎಕ್ಸ್‌ಪೋರ್ಟ್
ಡಬ್ಲ್ಯೂಪಿ ಸರ್ಚ್-ರಿಪ್ಲೇಸ್ 'ಹಳೆಯ ವಿಳಾಸ' 'ಹೊಸ ವಿಳಾಸ' --ಸ್ಕಿಪ್-ಕಾಲಮ್ಸ್=ಜಿಯುಐಡಿ --ಡ್ರೈ-ರನ್

ಡ್ರೈ-ರನ್ ಏನನ್ನೂ ಬದಲಿಸುವುದಿಲ್ಲ. ಯಾವ ಟೇಬಲ್‌ನಲ್ಲಿ ಎಷ್ಟು ಬದಲಾವಣೆ ಆಗಲಿದೆ ಎಂಬ ಪಟ್ಟಿ ಕೊಡುತ್ತದೆ. ಲೇಖನಗಳಿರುವ ಪೋಸ್ಟ್ಸ್ ಟೇಬಲ್ ಮುಂದೆ ಸೊನ್ನೆ ಬಂದರೆ ಹಳೆಯ ವಿಳಾಸ ತಪ್ಪಾಗಿ ಟೈಪ್ ಆಗಿರುವ ಸಾಧ್ಯತೆಯೇ ಹೆಚ್ಚು. ಪಟ್ಟಿ ಸರಿ ಕಂಡ ಮೇಲೆ ಅದೇ ಸಾಲನ್ನು ಡ್ರೈ-ರನ್ ತೆಗೆದು ಓಡಿಸಿ, ಕೊನೆಗೆ ‘ಡಬ್ಲ್ಯೂಪಿ ಕ್ಯಾಶ್ ಫ್ಲಶ್’ ಕೊಡಿ. ಉದ್ದದ ಸಂಖ್ಯೆಗಳನ್ನು ಸಾಧನವೇ ಹೊಸದಾಗಿ ಎಣಿಸಿ ಬರೆಯುತ್ತದೆ. ಜಿಯುಐಡಿ ಕಾಲಮ್ ಬಿಡುವುದೇಕೆಂದರೆ, ಫೀಡ್ ರೀಡರ್‌ಗಳು ಲೇಖನವನ್ನು ಗುರುತಿಸುವುದು ಅದರಿಂದಲೇ. ಅದು ಬದಲಾದರೆ ಹಳೆಯ ಲೇಖನಗಳೆಲ್ಲ ಚಂದಾದಾರರಿಗೆ ಹೊಸದಾಗಿ ಬಂದಂತೆ ಕಾಣುತ್ತವೆ.

ವಿಳಾಸವನ್ನು ಎಚ್‌ಟಿಟಿಪಿ ಸಮೇತ ಕೊಡಿ. ಡೊಮೈನ್ ಬದಲಿಸುವವರು ಬರೀ ಡೊಮೈನ್ ಹೆಸರು ಕೊಟ್ಟರೆ ಅದೇ ಹೆಸರಿನ ಇಮೇಲ್ ವಿಳಾಸಗಳೂ ಬದಲಾಗಿಬಿಡುತ್ತವೆ. ಎಲಿಮೆಂಟರ್‌ನಂಥ ಪೇಜ್ ಬಿಲ್ಡರ್ ಇದ್ದರೆ ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ಅವು ಜೇಸನ್ ರೂಪದಲ್ಲಿ ವಿಳಾಸ ಇಡುವಾಗ ಪ್ರತಿ ಓರೆಗೆರೆಯ ಹಿಂದೆ ಹಿಮ್ಮುಖ ಓರೆಗೆರೆ ಸೇರಿಸುತ್ತವೆ: ‘:\/\/’ ಎಂಬ ಹಾಗೆ. ಆ ರೂಪದಲ್ಲೇ ವಿಳಾಸ ಬರೆದು ಎರಡನೇ ಸುತ್ತು ಓಡಿಸಬೇಕು.

ನಮ್ಮ ಸುದ್ದಿತಾಣದಲ್ಲಿ ಕನ್ನಡ ಶೀರ್ಷಿಕೆ ಕೊಟ್ಟರೆ ಲೇಖನದ ಕೊಂಡಿ ಅರ್ಧಕ್ಕೇ ತುಂಡಾಗುತ್ತದೆ. ಕೆಲವಕ್ಕೆ ಕೊನೆಯಲ್ಲಿ 2 ಸೇರಿಕೊಳ್ಳುತ್ತದೆ.
– ಓದುಗರು, ಉಡುಪಿ

ಕೊಂಡಿಯ ಹೆಸರನ್ನು ಇಡುವ ಕಾಲಮ್‌ನ ಮಿತಿ 200 ಅಕ್ಷರ. ಕನ್ನಡದ ಪ್ರತಿ ಸಂಕೇತ ಅಲ್ಲಿ ಶೇಕಡಾ ಚಿಹ್ನೆಗಳ ರೂಪ ತಾಳಿ 9 ಅಕ್ಷರ ತಿನ್ನುತ್ತದೆ. ‘ಕರ್ನಾಟಕ ವಿಧಾನಸಭೆ ಚುನಾವಣೆ ಫಲಿತಾಂಶ’ ಎಂಬ ಶೀರ್ಷಿಕೆ ತೆಗೆದುಕೊಳ್ಳಿ. ಕರ್ನಾಟಕಕ್ಕೆ 7 ಸಂಕೇತ, 63 ಅಕ್ಷರ. ವಿಧಾನಸಭೆಗೆ 8, ಅಂದರೆ 72. ಚುನಾವಣೆಗೆ ಮತ್ತೆ 63. ನಡುವಿನ ಎರಡು ಹೈಫನ್ ಸೇರಿಸಿದರೆ ಸರಿಯಾಗಿ 200. ಫಲಿತಾಂಶಕ್ಕೆ ಜಾಗವೇ ಉಳಿಯಲಿಲ್ಲ. ನಾಳೆ ಇದೇ ಮೂರು ಪದಗಳಿಂದ ಶುರುವಾಗುವ ಇನ್ನೊಂದು ಸುದ್ದಿ ಹಾಕಿದರೆ, -2 ಸೇರಿಸಲು ಜಾಗ ಮಾಡಿಕೊಳ್ಳುವಾಗ ಕೊನೆಯ ಎತ್ವವೂ ಬಿದ್ದುಹೋಗಿ ‘ಚುನಾವಣ-2’ ಆಗುತ್ತದೆ.

ಪ್ರಕಟಿಸುವ ಮುಂಚೆಯೇ ಚಿಕ್ಕ ರೋಮನ್ ಹೆಸರು ಕೊಡುವುದು ಒಳ್ಳೆಯದು. ಪ್ರಕಟವಾದದ್ದಕ್ಕೆ ‘ಡಬ್ಲ್ಯೂಪಿ ಪೋಸ್ಟ್ ಅಪ್‌ಡೇಟ್ 1234 --ಪೋಸ್ಟ್_ನೇಮ್=ಹೊಸ-ಹೆಸರು’ ಕೊಡಬಹುದು; 1234ರ ಜಾಗದಲ್ಲಿ ಲೇಖನದ ಐಡಿ. ಪ್ರಕಟವಾದ ಪೋಸ್ಟ್‌ಗಳ ಹಳೆಯ ಕೊಂಡಿಯನ್ನು ವರ್ಡ್‌ಪ್ರೆಸ್ ತಾನೇ ಹೊಸದಕ್ಕೆ ತಿರುಗಿಸುತ್ತದೆ, ಆದರೆ ‘ಪೇಜ್’ಗಳಿಗೆ ಈ ಅನುಕೂಲವಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಈಗಾಗಲೇ ಹರಡಿರುವ ಹಳೆಯ ಲೇಖನಗಳನ್ನು ಮುಟ್ಟದಿರುವುದೇ ಲೇಸು. ಹೊಸದರಿಂದ ಶುರು ಮಾಡಿ.

ಸರ್ವರ್ ಬದಲಿಸಿದ ಮೇಲೆ ಕನ್ನಡ ಹೋಗಿ ಕೆಲವೆಡೆ ಪ್ರಶ್ನಾರ್ಥಕ ಚಿಹ್ನೆ, ಕೆಲವೆಡೆ ಅರ್ಥವಾಗದ ರೋಮನ್ ಅಕ್ಷರ. ಮರಳಿ ಪಡೆಯಬಹುದೇ?
– ಓದುಗರು, ಶಿವಮೊಗ್ಗ

ಕಣ್ಣಿಗೆ ಕಾಣುವುದನ್ನು ನಂಬದೆ ಡೇಟಾಬೇಸ್‌ನಲ್ಲಿರುವ ಬೈಟ್‌ಗಳನ್ನೇ ನೋಡಿ: ಡಬ್ಲ್ಯೂಪಿ ಡಿಬಿ ಕ್ವೆರಿ "ಸೆಲೆಕ್ಟ್ ಹೆಕ್ಸ್(ಪೋಸ್ಟ್_ಟೈಟಲ್) ಫ್ರಮ್ ಡಬ್ಲ್ಯೂಪಿ_ಪೋಸ್ಟ್ಸ್ ವೇರ್ ಐಡಿ=1234". ಟೇಬಲ್‌ನ ಪೂರ್ವಪ್ರತ್ಯಯ ನಿಮ್ಮಲ್ಲಿ ಬೇರೆ ಇದ್ದರೆ ಅದನ್ನು ಹಾಕಿ. ಉತ್ತರ ‘ಇ0ಬಿ2’ ಅಥವಾ ‘ಇ0ಬಿ3’ ಎಂದು ಶುರುವಾದರೆ ಪಠ್ಯ ಸುರಕ್ಷಿತ, ತೋರಿಸುವಲ್ಲಿ ಮಾತ್ರ ತಪ್ಪಿದೆ. ಕಾನ್ಫಿಗ್ ಫೈಲಿನಲ್ಲಿ ಡಿಬಿ_ಚಾರ್‌ಸೆಟ್ ಬೆಲೆ ಯುಟಿಎಫ್8ಎಂಬಿ4 ಇದೆಯೇ ನೋಡಿ. ‘ಸಿ3ಎ0ಸಿ2ಬಿ2’ ಎಂದಿದ್ದರೆ ಎರಡು ಸಲ ಎನ್‌ಕೋಡ್ ಆಗಿದೆ, ಅದನ್ನು ಹಿಂದಿರುಗಿಸಬಹುದು. ಬರೀ ‘3ಎಫ್3ಎಫ್’ ಇದ್ದರೆ ಅದು ನಿಜವಾಗಿಯೂ ಪ್ರಶ್ನಾರ್ಥಕ ಚಿಹ್ನೆಯೇ. ಆ ಪ್ರತಿಯಲ್ಲಿ ಕನ್ನಡ ಅಳಿದುಹೋಗಿದೆ, ಯಾವ ಕಮಾಂಡೂ ತರಲಾರದು. ಹಳೆಯ ಸರ್ವರ್ ಇನ್ನೂ ಇದ್ದರೆ ಇವತ್ತೇ ಅಲ್ಲಿಂದ --ಡಿಫಾಲ್ಟ್-ಕ್ಯಾರೆಕ್ಟರ್-ಸೆಟ್=ಯುಟಿಎಫ್8ಎಂಬಿ4 ಸೇರಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಹೊಸ ಸರ್ವರ್‌ನಲ್ಲಿ ಹೆಕ್ಸ್ ತಾಳೆ ನೋಡುವವರೆಗೂ ಹಳೆಯದನ್ನು ಮುಚ್ಚಬೇಡಿ.

ಪ್ಲಗಿನ್ ಅಪ್‌ಡೇಟ್ ಮಾಡಿದ ಮೇಲೆ ತಾಣವೂ ತೆರೆಯುತ್ತಿಲ್ಲ, ಡ್ಯಾಶ್‌ಬೋರ್ಡೂ ಇಲ್ಲ. ಟರ್ಮಿನಲ್‌ನಲ್ಲೂ ಅದೇ ಎರರ್.
– ಓದುಗರು, ಕಲಬುರಗಿ

ಆ ಎರರ್ ಸಾಲನ್ನೇ ಓದಿ. ಯಾವ ಪ್ಲಗಿನ್‌ನ ಫೋಲ್ಡರ್ ಎಂದು ಅದರಲ್ಲೇ ಇರುತ್ತದೆ. ಡಬ್ಲ್ಯೂಪಿ-ಸಿಎಲ್‌ಐ ಕೂಡ ವರ್ಡ್‌ಪ್ರೆಸ್ಸನ್ನು ಪ್ಲಗಿನ್ ಸಮೇತ ಎಬ್ಬಿಸುವುದರಿಂದ ತಾನೂ ಬೀಳುತ್ತದೆ. ‘ಡಬ್ಲ್ಯೂಪಿ ಪ್ಲಗಿನ್ ಡಿಆಕ್ಟಿವೇಟ್ ಹೆಸರು --ಸ್ಕಿಪ್-ಪ್ಲಗಿನ್ಸ್ --ಸ್ಕಿಪ್-ಥೀಮ್ಸ್’ ಕೊಟ್ಟರೆ ಅವುಗಳನ್ನು ಮುಟ್ಟದೆ ಕೆಲಸ ಮುಗಿಸುತ್ತದೆ. ಎಂಯು-ಪ್ಲಗಿನ್ಸ್ (ತಾವಾಗಿಯೇ ಸಕ್ರಿಯವಾಗುವ ಪ್ಲಗಿನ್‌ಗಳ) ಫೋಲ್ಡರ್‌ನಲ್ಲಿರುವವು ಮಾತ್ರ ಹಾಗೆಯೂ ಲೋಡ್ ಆಗುತ್ತವೆ. ತಪ್ಪು ಅಲ್ಲಿದ್ದರೆ ಆ ಫೈಲಿನ ಹೆಸರು ಬದಲಿಸಿ. ವರ್ಡ್‌ಪ್ರೆಸ್.ಆರ್ಗ್‌ನ ಪ್ಲಗಿನ್ ಆಗಿದ್ದರೆ ‘ಡಬ್ಲ್ಯೂಪಿ ಪ್ಲಗಿನ್ ಇನ್‌ಸ್ಟಾಲ್ ಹೆಸರು --ವರ್ಷನ್=ಹಿಂದಿನದು --ಫೋರ್ಸ್’ ಎಂದು ಹಳೆಯ ಆವೃತ್ತಿಗೆ ಮರಳಬಹುದು.

ಬೆಳಿಗ್ಗೆ 6ಕ್ಕೆ ಷೆಡ್ಯೂಲ್ ಮಾಡಿದ ಲೇಖನ 8ಕ್ಕೋ 9ಕ್ಕೋ ಪ್ರಕಟವಾಗುತ್ತದೆ. ಏನು ಮಾಡಲಿ?
– ಓದುಗರು, ಧಾರವಾಡ

ವರ್ಡ್‌ಪ್ರೆಸ್‌ನ ಕ್ರಾನ್ (ನಿಗದಿತ ವೇಳೆಯ ಕೆಲಸ ಮಾಡುವ ವ್ಯವಸ್ಥೆ) ಓಡುವುದು ಯಾರಾದರೂ ತಾಣಕ್ಕೆ ಬಂದಾಗ. ನಸುಕಿನಲ್ಲಿ ಓದುಗರಿಲ್ಲದಿದ್ದರೆ ಲೇಖನ ಕಾದು ಕೂರುತ್ತದೆ. ‘ಡಬ್ಲ್ಯೂಪಿ ಕಾನ್ಫಿಗ್ ಸೆಟ್ ಡಿಸೇಬಲ್_ಡಬ್ಲ್ಯೂಪಿ_ಕ್ರಾನ್ ಟ್ರೂ --ರಾ’ ಎಂದು ಕೊಡಿ. ಡಿಸೇಬಲ್_ಡಬ್ಲ್ಯೂಪಿ_ಕ್ರಾನ್ ಎಂಬುದು ಪೂರ್ತಿ ದೊಡ್ಡಕ್ಷರದಲ್ಲಿರಬೇಕು. --ರಾ ಮರೆಯಬೇಡಿ. ಅದಿಲ್ಲದಿದ್ದರೆ ಬೆಲೆ ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿ ಕೂರುತ್ತದೆ. ‘ಟ್ರೂ’ಗೆ ಅದರಿಂದ ತೊಂದರೆಯಾಗದು, ಆದರೆ ಮುಂದೆ ‘ಫಾಲ್ಸ್’ ಮಾಡಲು ಹೋದಾಗ ಖಾಲಿಯಲ್ಲದ ಆ ಪಠ್ಯವನ್ನು ಪಿಎಚ್‌ಪಿ ‘ಹೌದು’ ಎಂದೇ ಓದುತ್ತದೆ. ಡಬ್ಲ್ಯೂಪಿ_ಡಿಬಗ್ ಆರಿಸಿದರೂ ಆರುತ್ತಿಲ್ಲ ಎಂದು ಬರೆದಿರುವ ತುಮಕೂರಿನ ಓದುಗರಿಗೂ ಇದೇ ಉತ್ತರ.

ಆಮೇಲೆ ಸರ್ವರ್‌ನ ಕ್ರಾನ್‌ಟ್ಯಾಬ್‌ನಲ್ಲಿ (ವೇಳೆಗೆ ಸರಿಯಾಗಿ ಓಡಬೇಕಾದ ಕಮಾಂಡ್‌ಗಳ ಪಟ್ಟಿ) 5 ನಿಮಿಷಕ್ಕೊಮ್ಮೆ ‘ಡಬ್ಲ್ಯೂಪಿ ಕ್ರಾನ್ ಇವೆಂಟ್ ರನ್ --ಡ್ಯೂ-ನೌ’ ಓಡುವಂತೆ ಸಾಲು ಸೇರಿಸಿ. ಕ್ರಾನ್‌ಗೆ ನಿಮ್ಮ .ಬ್ಯಾಶ್‌ಆರ್‌ಸಿ ಗೊತ್ತಿಲ್ಲ, ಆದ್ದರಿಂದ ಡಬ್ಲ್ಯೂಪಿ ಫೈಲಿನ ಪೂರ್ತಿ ದಾರಿ ಮತ್ತು --ಪಾತ್= ಎರಡನ್ನೂ ಬರೆಯಬೇಕು. ಹತ್ತು ನಿಮಿಷ ಬಿಟ್ಟು ‘ಡಬ್ಲ್ಯೂಪಿ ಕ್ರಾನ್ ಇವೆಂಟ್ ಲಿಸ್ಟ್’ ನೋಡಿ. ಸಮಯ ಮೀರಿದ ಕೆಲಸಗಳು ಇನ್ನೂ ಅಲ್ಲೇ ಇದ್ದರೆ ಕ್ರಾನ್‌ಟ್ಯಾಬ್ ಸಾಲಿನ ಔಟ್‌ಪುಟ್ಟನ್ನು ಒಂದು ಲಾಗ್ ಫೈಲಿಗೆ ತಿರುಗಿಸಿ ಓದಿ. ಹೆಚ್ಚಿನಂಶ ಅಲ್ಲಿ ಪಿಎಚ್‌ಪಿ ಸಿಗಲಿಲ್ಲ ಎಂದಿರುತ್ತದೆ.