ಮಸೀದಿಯ ಬಾಗಿಲೊಂದೇ ತೆರೆದಿತ್ತು

ದಾವಣಗೆರೆಯ ಓದುಗರೊಬ್ಬರ ಪತ್ರ: “ಇರಾನಿನಲ್ಲಿ 1979ರಲ್ಲಿ ನಡೆದದ್ದನ್ನು ಕಳೆದ ಸಂಚಿಕೆಯಲ್ಲಿ ಜನಕ್ರಾಂತಿ ಎಂದು ಕರೆದಿದ್ದೀರಿ. ನಾನು ಒಪ್ಪುವುದಿಲ್ಲ. ಶಾ ಕಾಲದ ಟೆಹರಾನಿನ ಫೋಟೋಗಳನ್ನು ನೋಡಿ, ಹೆಣ್ಣುಮಕ್ಕಳು ಸ್ಕರ್ಟ್ ತೊಟ್ಟು ಓಡಾಡುತ್ತಿದ್ದರು. ಅಂಥ ದೊರೆಯನ್ನು ಮತಾಂಧರು ಓಡಿಸಿದರು, ಜನ ಅವರ ಹಿಂದೆ ಹೋದರು. ಇದರಲ್ಲಿ ಕ್ರಾಂತಿ ಎಲ್ಲಿದೆ?”

ಸಂಪಾದಕರ ಉತ್ತರ:

ಇಷ್ಟು ನೇರವಾಗಿ ಬರೆಯುವ ಓದುಗರು ಕಡಿಮೆಯಾಗುತ್ತಿದ್ದಾರೆ, ಹಾಗಾಗಿ ನಿಮ್ಮ ಪತ್ರ ಓದಿ ಸಂತೋಷವಾಯಿತು. ಶಾ ಮೊಹಮ್ಮದ್ ರೆಜಾ ಪಹ್ಲವಿ ಒಳ್ಳೆಯದನ್ನೂ ಮಾಡಿದ. 1963ರಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಬಂತು, ಜಮೀನ್ದಾರರ ಭೂಮಿ ರೈತರಿಗೆ ಹಂಚಿಕೆಯಾಯಿತು, ಹಳ್ಳಿಗಳಿಗೆ ಅಕ್ಷರ ಕಲಿಸುವ ಯುವಕರು ಹೋದರು. ಇಷ್ಟನ್ನು ಒಪ್ಪುತ್ತೇನೆ.

ಆದರೆ ನೀವು ಫೋಟೋ ನೋಡಿ ಇತಿಹಾಸ ಬರೆಯುತ್ತಿದ್ದೀರಿ, ಸ್ವಾಮಿ. ಶಾನ ತಂದೆ 1936ರಲ್ಲಿ ಹಿಜಾಬನ್ನೇ ನಿಷೇಧಿಸಿದಾಗ ಪೊಲೀಸರು ಬೀದಿಯಲ್ಲಿ ಹೆಂಗಸರ ಚಾದರ ಕಿತ್ತೆಸೆದರು. ಬೀದಿಗಿಳಿಯುವುದನ್ನೇ ಬಿಟ್ಟ ಆ ಹೆಂಗಸರು ಯಾವ ಫೋಟೋದಲ್ಲಿ ಸಿಗುತ್ತಾರೆ?

ನಿಜವಾದ ಕಥೆ 1953ರದು. ತೈಲವನ್ನು ರಾಷ್ಟ್ರೀಕರಣ ಮಾಡಿದ ಪ್ರಧಾನಿ ಮೊಹಮ್ಮದ್ ಮೊಸಾದೆಕ್‌ನನ್ನು ಅಮೆರಿಕ ಮತ್ತು ಬ್ರಿಟನ್ನಿನ ಗೂಢಚಾರ ಸಂಸ್ಥೆಗಳು ಸೇರಿ ಉರುಳಿಸಿದವು. ಆತ ಮೊದಲು ಸೆರೆಮನೆಯಲ್ಲಿ, ಆಮೇಲೆ ಸಾಯುವ ತನಕ ಹಳ್ಳಿಯ ತನ್ನ ಮನೆಯಲ್ಲೇ ಬಂಧನದಲ್ಲಿ ಕಳೆದ. ಅಲ್ಲಿಂದ ಮುಂದೆ ಶಾ ಒಂದೊಂದೇ ಬಾಗಿಲು ಮುಚ್ಚಿದ. ಎಡಪಕ್ಷವನ್ನು ಮುಗಿಸಿದ, ಮೊಸಾದೆಕ್‌ನ ರಾಷ್ಟ್ರೀಯ ರಂಗವನ್ನು ಹತ್ತಿಕ್ಕಿದ, 1957ರಲ್ಲಿ ಸಾವಾಕ್ ಎಂಬ ಗುಪ್ತಪೊಲೀಸ್ ಪಡೆ ಕಟ್ಟಿದ. 1975ರ ಮಾರ್ಚಿನಲ್ಲಿ ದೇಶಕ್ಕೆಲ್ಲ ಒಂದೇ ಪಕ್ಷ ಎಂದು ಸಾರಿ, ಸೇರಲು ಮನಸ್ಸಿಲ್ಲದವರು ಪಾಸ್‌ಪೋರ್ಟ್ ತೆಗೆದುಕೊಂಡು ಹೊರಡಬಹುದು ಎಂದ. ಮೂರೇ ತಿಂಗಳಿಗೆ ನಮ್ಮಲ್ಲೂ ತುರ್ತುಪರಿಸ್ಥಿತಿ ಬಂದು ಪತ್ರಿಕೆಗಳು ಸಂಪಾದಕೀಯದ ಜಾಗ ಖಾಲಿ ಬಿಟ್ಟು ಅಚ್ಚಾದವು. ಆ ಖಾಲಿ ಜಾಗ ನೋಡಿದವರಿಗೆ ಇರಾನಿನ ಮಾತು ಬೇಗ ಅರ್ಥವಾಗುತ್ತದೆ.

ಮುಚ್ಚಲಾಗದೆ ಉಳಿದದ್ದು ಮಸೀದಿ. 1978ರ ಜನವರಿ 7ರಂದು ಎತ್ತೆಲಾತ್ ಪತ್ರಿಕೆಯಲ್ಲಿ ಶಾ ದೇಶದಿಂದ ಹೊರಗಟ್ಟಿದ್ದ ಧರ್ಮಗುರು ಖೊಮೇನಿಯನ್ನು ಹೀಯಾಳಿಸಿದ ಲೇಖನವೊಂದು ಬಂತು. ಸುಳ್ಳು ಹೆಸರಿನ ಆ ಲೇಖನ ಬಂದದ್ದು ಸರ್ಕಾರದಿಂದ, ಪತ್ರಿಕೆ ಅಚ್ಚು ಹಾಕಲೇಬೇಕಾಯಿತು. ಕೋಮ್ ನಗರದಲ್ಲಿ ಪ್ರತಿಭಟಿಸಿದವರ ಮೇಲೆ ಗುಂಡು ಹಾರಿತು. ಶಿಯಾಗಳಲ್ಲಿ ಸತ್ತವರಿಗೆ 40ನೇ ದಿನ ಶೋಕಾಚರಣೆಯಿದೆ. ಆ 40ನೇ ದಿನ ತಬ್ರೀಜ್‌ನಲ್ಲಿ ಜನ ಸೇರಿದರು, ಅಲ್ಲೂ ಹೆಣ ಬಿದ್ದವು. ಮತ್ತೆ 40 ದಿನಕ್ಕೆ ಯಜ್ದ್. ಸಭೆಯನ್ನು ನಿಷೇಧಿಸಬಹುದು, ತಿಥಿಯನ್ನು ಯಾವ ದೊರೆ ನಿಷೇಧಿಸುತ್ತಾನೆ?

ಜನ ಹಿಂದೆ ಹೋದರು ಎನ್ನುತ್ತೀರಲ್ಲ, ಮುಂದೆ ಇದ್ದವರನ್ನೂ ನೋಡಿ. 1977ರ ಅಕ್ಟೋಬರಿನಲ್ಲಿ ಟೆಹರಾನಿನ ಜರ್ಮನ್ ಸಾಂಸ್ಕೃತಿಕ ಕೇಂದ್ರದ ಆಶ್ರಯದಲ್ಲಿ ಲೇಖಕರು ಹತ್ತು ರಾತ್ರಿ ಕವಿತೆ ಓದಿದರು, ಸೆನ್ಸಾರ್ ಬೇಡವೆಂದು ಮಾತಾಡಿದರು. ಸಾವಿರಾರು ಜನ ಮಳೆಯಲ್ಲೂ ಕದಲದೆ ಕೂತು ಕೇಳಿದರು. ಕವಿತೆ ಕೇಳಲು ಮಳೆಯಲ್ಲಿ ನೆನೆಯುವ ಜನರನ್ನು ಮತಾಂಧರೆನ್ನಲು ನನ್ನ ನಾಲಿಗೆ ಏಳುವುದಿಲ್ಲ. ಮರುವರ್ಷ ತೈಲ ಕಾರ್ಮಿಕರು ಮುಷ್ಕರ ಹೂಡಿ ಶಾನ ಬೊಕ್ಕಸವನ್ನೇ ಒಣಗಿಸಿದರು. ಪತ್ರಕರ್ತರು ಸೇನಾ ಸರ್ಕಾರದ ಸೆನ್ಸಾರ್ ವಿರೋಧಿಸಿ ಸುಮಾರು ಎರಡು ತಿಂಗಳು ಪತ್ರಿಕೆಯನ್ನೇ ಹೊರತರಲಿಲ್ಲ. ಸಂಬಳ ಬಿಟ್ಟು ಕೂತ ಆ ವೃತ್ತಿಬಾಂಧವರನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. 1979ರ ಜನವರಿ 16ರಂದು ಶಾ ದೇಶ ಬಿಟ್ಟಾಗ “ಶಾ ರಫ್ತ್”, ಶಾ ಹೋದ, ಎಂದು ಪುಟದಗಲ ಅಚ್ಚು ಹಾಕಿದವರು ಇವರೇ.

ಫೆಬ್ರವರಿ 1ಕ್ಕೆ ಖೊಮೇನಿ ಬಂದಿಳಿದರು, 11ಕ್ಕೆ ರಾಜಸತ್ತೆ ಮುಗಿಯಿತು. ಆಮೇಲಿನದು ನಿಮಗೆ ಗೊತ್ತಿರುವುದೇ, ಅದನ್ನು ನಾನು ಸಮರ್ಥಿಸುತ್ತಿಲ್ಲ. ತಿಂಗಳೊಳಗೆ, ಮಾರ್ಚ್ 8ರಂದು, ಹಿಜಾಬ್ ಕಡ್ಡಾಯವಾಗುತ್ತದೆಂದು ಸಾವಿರಾರು ಹೆಂಗಸರು ಟೆಹರಾನಿನ ಬೀದಿಗಿಳಿದರು. ಶಾ ವಿರುದ್ಧ ಮೆರವಣಿಗೆ ಹೋದವರೂ ಅವರಲ್ಲಿದ್ದರು. ಆಗಸ್ಟಿನಲ್ಲಿ ಆಯಂದೆಗಾನ್ ಪತ್ರಿಕೆಗೆ ಬೀಗ ಬಿತ್ತು. ಮಧ್ಯಂತರ ಪ್ರಧಾನಿ ಬಜರ್ಗಾನ್ ನವೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ದೊರೆ ಮುಚ್ಚಿದ್ದ ಬಾಗಿಲುಗಳನ್ನು ಧರ್ಮಗುರುಗಳು ತೆರೆಯಲಿಲ್ಲ, ಅಗುಳಿ ಬದಲಿಸಿದರು. ಎರಡು ಸಲವೂ ಸೋತವರು ಅದೇ ಕವಿಗಳು, ಕಾರ್ಮಿಕರು, ಹೆಂಗಸರು. ಅವರನ್ನು ಬಿಟ್ಟು ಶಾ ಮತ್ತು ಖೊಮೇನಿ ಇಬ್ಬರ ನಡುವೆಯೇ ಆರಿಸಬೇಕೆಂದರೆ ನಾನು ಆರಿಸುವುದಿಲ್ಲ.

ನಿಮ್ಮನ್ನಷ್ಟೇ ದೂರಿ ಪ್ರಯೋಜನವಿಲ್ಲ. ನಮ್ಮ ಕನ್ನಡ ಪತ್ರಿಕೆಗಳ ವಿದೇಶ ಸುದ್ದಿ ಈಗ ಸುದ್ದಿಸಂಸ್ಥೆಯ ನಾಲ್ಕು ಸಾಲಿನ ಅನುವಾದಕ್ಕೆ ಇಳಿದಿದೆ. ಉಳಿದ ಜಾಗವನ್ನು ಮೊಬೈಲಿಗೆ ಬರುವ ಹಳೆಯ ಫೋಟೋಗಳು ತುಂಬುತ್ತಿವೆ. ಇರಾನಿನ ಬಗ್ಗೆ ದೀರ್ಘ ಲೇಖನ ಹಾಕಿದರೆ “ನಮಗ್ಯಾಕೆ ಇದು” ಎಂಬ ಪತ್ರಗಳೇ ಹೆಚ್ಚು ಬರುತ್ತವೆ. ನೀವು ಹಾಗೆ ಬರೆಯದೆ ಜಗಳಕ್ಕೆ ಬಂದಿರಿ. ಮುಂದಿನ ಸಂಚಿಕೆಯಲ್ಲಿ ಮೊಸಾದೆಕ್ ಕುರಿತ ಲೇಖನವಿದೆ, ಓದಿ ಮತ್ತೆ ಬರೆಯಿರಿ.