ಕಂಪಾಸ್‌ನಲ್ಲಿ ಗುಳ್ಳೆ ಬಂದಿದೆ ಅಂದವರಿಗೆ: ಗುಳ್ಳೆ ಬಿಡಿ, ಮುಳ್ಳು ನೋಡಿ

ನಮಸ್ಕಾರ. ನಿಮ್ಮ ಫೋಟೋ ನೋಡಿದೆ. ಕುದುರೆಮುಖ ಹತ್ತಿದಾಗ ಕಂಪಾಸ್ (ದಿಕ್ಸೂಚಿ) ಒಳಗಿನ ದ್ರವದಲ್ಲಿ ಗುಳ್ಳೆ ಕಾಣಿಸಿಕೊಂಡಿದೆ, ಮುಳ್ಳೂ ಒಂದು ಕಡೆ ವಾಲುತ್ತಿದೆ, ಅಣ್ಣ ಸ್ವೀಡನ್‌ನಿಂದ ತಂದುಕೊಟ್ಟದ್ದು, ಬಿಸಾಡಬೇಕಾ ಅಂತ ಕೇಳಿದ್ದೀರಿ. ಬಿಸಾಡಬೇಡಿ. ನೀವು ಹೆದರಿರುವುದು ಗುಳ್ಳೆಗೆ. ನನಗೆ ಯೋಚನೆ ಆಗಿರುವುದು ವಾಲಿದ ಮುಳ್ಳಿನ ಬಗ್ಗೆ.

ಮೊದಲು ಗುಳ್ಳೆ ಮುಗಿಸಿಬಿಡೋಣ. ಒಳಗಿರುವುದು ನೀರಲ್ಲ. ಚಾರಣದ ಕಂಪಾಸ್‌ಗಳಲ್ಲಿ ಹೆಚ್ಚಾಗಿ ಸೀಮೆಎಣ್ಣೆ ಜಾತಿಯ, ಬಣ್ಣವಿಲ್ಲದ ತೆಳು ಎಣ್ಣೆ ಇರುತ್ತದೆ. ಚಳಿಗೆ ಆ ಎಣ್ಣೆ, ಅದನ್ನು ತುಂಬಿರುವ ಪ್ಲಾಸ್ಟಿಕ್ ಡಬ್ಬಿಗಿಂತ ಜಾಸ್ತಿ ಕುಗ್ಗುತ್ತದೆ. ಮೇಲೆ ಹೋದಂತೆ ಗಾಳಿಯ ಒತ್ತಡವೂ ಇಳಿಯುತ್ತದೆ. ಕುದುರೆಮುಖದ ತುದಿ ಸುಮಾರು 1,890 ಮೀಟರ್. ಅಲ್ಲಿ ಒತ್ತಡ ಸಮುದ್ರಮಟ್ಟಕ್ಕಿಂತ ಹೆಚ್ಚುಕಡಿಮೆ ಐದನೇ ಒಂದು ಭಾಗ ಕಡಿಮೆ. ಚಳಿ, ಎತ್ತರ ಎರಡೂ ಸೇರಿದಾಗ ಸಣ್ಣ ಗುಳ್ಳೆ ಏಳುವುದು ಸಹಜ. ಮನೆಗೆ ಬಂದು ಒಂದೆರಡು ದಿನ ಬೆಚ್ಚಗಿನ ಕೋಣೆಯಲ್ಲಿಡಿ, ಸಾಮಾನ್ಯವಾಗಿ ತಾನಾಗೇ ಕರಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ, ಅಲ್ಲಿ ಎಣ್ಣೆ ಹಿಗ್ಗಿ ಸೀಲ್ ಬಿಡುತ್ತದೆ.

ಫೋಟೋದಲ್ಲಿ ನಿಮ್ಮ ಗುಳ್ಳೆ ಉದ್ದಿನ ಕಾಳಿನಷ್ಟಿದೆ. ಅದು ಮುಳ್ಳಿಗೆ ಏನೂ ಮಾಡುವುದಿಲ್ಲ. ಡಬ್ಬಿಯ ಅಂಚಿನಲ್ಲಿ ಎಣ್ಣೆ ಜಿಡ್ಡು ಕಂಡರೆ, ಗುಳ್ಳೆ ವಾರದಿಂದ ವಾರಕ್ಕೆ ದೊಡ್ಡದಾಗುತ್ತಾ ಮುಳ್ಳಿಗೆ ತಾಗಿ ತಳ್ಳುತ್ತಿದ್ದರೆ, ಆಗ ಸೋರಿಕೆ ಅಂತ ಲೆಕ್ಕ.

ನಿಮ್ಮ ಪ್ರಶ್ನೆಗೆ ಉತ್ತರ ಬರೆದವರೊಬ್ಬರು ಸಿರಿಂಜಿನಿಂದ ತೂತು ಮಾಡಿ ಕೊಬ್ಬರಿ ಎಣ್ಣೆ ತುಂಬಿ ಅಂದಿದ್ದಾರೆ. ದಯವಿಟ್ಟು ಬೇಡ. ಕೊಬ್ಬರಿ ಎಣ್ಣೆ 24 ಡಿಗ್ರಿ ಸುಮಾರಿಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಿಂದ ಅದು ಬೀಳುವುದೇ ಇಲ್ಲ ಅಲ್ವಾ, ಮುಳ್ಳು ಹೇಗೆ ತಿರುಗಬೇಕು? ನೀರು ಹಾಕಿದರೆ ಮುಳ್ಳಿಗೆ ತುಕ್ಕು. ಸ್ಪಿರಿಟ್ ಹಾಕಿದರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಇಂಥ ಸೀಲ್ ಮಾಡಿದ ಡಬ್ಬಿಯನ್ನು ತೆಗೆಯುವುದಕ್ಕೆ ಅಂತ ಮಾಡಿಲ್ಲ. ದೋಣಿಯ ಕಂಪಾಸ್ ಬೇರೆ. ಅದರಲ್ಲಿ ಹಿಗ್ಗಿ ಕುಗ್ಗುವ ಪೊರೆ ಇರುತ್ತದೆ, ದ್ರವ ತುಂಬಲು ತಿರುಪಿನ ಮುಚ್ಚಳವೂ ಇರುತ್ತದೆ. ಅಲ್ಲೂ ಕಂಪನಿ ಹೇಳಿದ ದ್ರವವನ್ನೇ ಹಾಕಬೇಕು. ಆಲ್ಕೋಹಾಲ್ ತುಂಬಿದ್ದಕ್ಕೆ ಎಣ್ಣೆ ಸೇರಿಸಿದರೆ ಒಳಗೆಲ್ಲ ಮಬ್ಬಾಗುತ್ತದೆ.

ದ್ರವ ಯಾಕೆ ಬೇಕು ಅಂತ ಇನ್ನೊಬ್ಬರು ಕೇಳಿದ್ದರು. ಶಾಲೆಯ ಲ್ಯಾಬಿನ ಒಣ ಕಂಪಾಸ್ ನೆನಪು ಮಾಡಿಕೊಳ್ಳಿ. ಮೇಜು ಸ್ವಲ್ಪ ಅಲುಗಿದರೂ ಮುಳ್ಳು ಆ ಕಡೆ ಈ ಕಡೆ ಕುಣಿಯುತ್ತಲೇ ಇರುತ್ತಿತ್ತು. ತೂಗಾಡುವ ಹಡಗಿನಲ್ಲಿ ಗತಿ ಏನು? ದ್ರವ ಆ ಕುಣಿತ ಹೀರಿಕೊಳ್ಳುತ್ತದೆ. ಹಡಗಿನ ಕಂಪಾಸಿನಲ್ಲಿ ಮುಳ್ಳಿನ ಬದಲು ದಿಕ್ಕು ಬರೆದ ತಟ್ಟೆಯೇ ತಿರುಗುತ್ತದೆ, ಅದನ್ನು ಅರ್ಧ ತೇಲಿಸಿ, ಕೆಳಗಿನ ಮೊನೆಯ ಮೇಲಿನ ಭಾರವನ್ನೂ ಇಳಿಸುತ್ತದೆ. ಬಾಸ್ಟನ್‌ನ ಎಡ್ವರ್ಡ್ ರಿಚಿ 1862ರಲ್ಲಿ ಪೇಟೆಂಟ್ ಪಡೆದ ದ್ರವದ ಕಂಪಾಸನ್ನು ಅಮೆರಿಕದ ನೌಕಾಪಡೆ ಬಳಸಿತು. ಅಂಗೈ ಮೇಲಿನ ಕಂಪಾಸಿಗೆ ದ್ರವ ತುಂಬುವ ದಾರಿ ಕಂಡುಕೊಂಡವರಲ್ಲಿ ಫಿನ್‌ಲೆಂಡಿನ ಸರ್ವೇಯರ್ ತುವೊಮಾಸ್ ವೊಹ್ಲೊನೆನ್ ಮುಖ್ಯರು. 1936ರಲ್ಲಿ ಸುಂಟೊ ಕಂಪನಿ ಶುರು ಮಾಡಿದವರು ಅವರೇ.

ನಮ್ಮ ಮಾವ ಮಲ್ಪೆಯಲ್ಲಿ ತಂಡೇಲರಾಗಿದ್ದರು, ಅಂದರೆ ಮೀನುಗಾರಿಕೆ ದೋಣಿ ನಡೆಸುವವರು. ಒಮ್ಮೆ ದೋಣಿಯ ಚುಕ್ಕಾಣಿ ಕೋಣೆಯಲ್ಲಿ ನಾನು ಸ್ಪ್ಯಾನರ್ ಹಿಡಿದು ಕಂಪಾಸ್ ಪಕ್ಕ ನಿಂತೆ. ದ್ರವದೊಳಗಿನ ತಟ್ಟೆ ಸದ್ದಿಲ್ಲದೆ, ನಿಧಾನವಾಗಿ ನನ್ನ ಕಡೆ ತಿರುಗಿತು. ಮಾವ ಬೈಯಲಿಲ್ಲ. ನನ್ನ ಕೈಯಿಂದ ಸ್ಪ್ಯಾನರ್ ತೆಗೆದು ಹೊರಗಿಟ್ಟರು, ತಟ್ಟೆ ವಾಪಸ್ ತನ್ನ ಜಾಗಕ್ಕೆ ಹೋಗಿ ನಿಲ್ಲುವವರೆಗೂ ತೋರಿಸಿದರು. ಆ ನೋಟ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಈಗ ಮುಳ್ಳಿನ ವಿಷಯ. ಭೂಮಿಯ ಕಾಂತಸೆಳೆತ ಉತ್ತರಕ್ಕಷ್ಟೇ ಅಲ್ಲ, ಕೆಳಕ್ಕೂ ಇರುತ್ತದೆ. ಸ್ವೀಡನ್‌ನಲ್ಲಿ ಆ ಇಳಿಜಾರು 70 ಡಿಗ್ರಿಗೂ ಜಾಸ್ತಿ. ಮುಳ್ಳಿನ ಉತ್ತರ ತುದಿ ನೆಲಕ್ಕೆ ಬಗ್ಗಬಾರದು ಅಂತ ಅಲ್ಲಿಗೆ ಮಾಡುವ ಕಂಪಾಸಿನಲ್ಲಿ ದಕ್ಷಿಣ ತುದಿಗೆ ತೂಕ ಕೊಡುತ್ತಾರೆ. ನಮ್ಮ ಕಡೆ ಈ ಸೆಳೆತ ತುಂಬ ಕಡಿಮೆ. ಈ ಕೆಳಸೆಳೆತವೇ ಇಲ್ಲದ ಕಾಂತೀಯ ಸಮಭಾಜಕ ರೇಖೆಗೆ ಹತ್ತಿರ ಅನ್ನೋ ಕಾರಣಕ್ಕೇ 1963ರಲ್ಲಿ ಕೇರಳದ ತುಂಬಾದಲ್ಲಿ ರಾಕೆಟ್ ಹಾರಿಸಲು ಶುರು ಮಾಡಿದ್ದು. ಹಾಗಾಗಿ ಅಲ್ಲಿಯ ಕಂಪಾಸ್ ಇಲ್ಲಿಗೆ ಬಂದಾಗ ಆ ತೂಕ ಹೆಚ್ಚಾಗಿ, ದಕ್ಷಿಣ ತುದಿ ಕೆಳಗೆ ಹೋಗುತ್ತದೆ. ನಿಮ್ಮದರಲ್ಲಿ ಆಗಿರುವುದು ಅದೇ, ಕೆಂಪಿಲ್ಲದ ದಕ್ಷಿಣ ತುದಿ ಬಗ್ಗಿದೆ. ಅದು ತಳಕ್ಕೆ ಉಜ್ಜಿದರೆ ಮುಳ್ಳು ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುತ್ತದೆ, ನಾವು ಅದೇ ಉತ್ತರ ಅಂದುಕೊಂಡು ಹೊರಡುತ್ತೇವೆ. ಮಂಜು ಮುಚ್ಚಿದ ಶೋಲಾ ಕಾಡಿನಲ್ಲಿ ಇದು ಸಣ್ಣ ವಿಷಯವಲ್ಲ.

ಪರೀಕ್ಷೆ ಸುಲಭ. ಕಂಪಾಸನ್ನು ಮರದ ಮೇಜಿನ ಮೇಲೆ ಸಮತಟ್ಟಾಗಿ ಇಡಿ, ಮುಳ್ಳಿನ ಕೆಂಪು ತುದಿ ತೋರಿಸುವ ಡಿಗ್ರಿ ಅಂಕಿ ಬರೆದುಕೊಳ್ಳಿ. ಕಬ್ಬಿಣದ ಬೀಗದ ಕೈಯಿಂದ ಮುಳ್ಳನ್ನು ಎಡಕ್ಕೆ ಎಳೆದು, ಬೀಗದ ಕೈ ದೂರ ಒಯ್ಯಿರಿ. ಮತ್ತೆ ಅಂಕಿ ನೋಡಿ. ಬಲಕ್ಕೂ ಹಾಗೇ. ಎರಡೆರಡು ಸಲ ಮಾಡಿ. ನಾಲ್ಕೂ ಸಲ ಒಂದೆರಡು ಡಿಗ್ರಿಯೊಳಗೆ ಅದೇ ಜಾಗಕ್ಕೆ ಬಂದರೆ ಬಳಸಬಹುದು. ಸ್ವಲ್ಪ ವಾಲಿದ್ದಕ್ಕೆ, ಮುಳ್ಳು ಆರಾಮಾಗಿ ತಿರುಗುವವರೆಗೆ ಕಂಪಾಸನ್ನೇ ಅಷ್ಟು ಓರೆ ಹಿಡಿದು ಓದಿದರೂ ನಡೆಯುತ್ತದೆ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಬೇರೆ ಕೊಳ್ಳಿ, ಕೊಳ್ಳುವಾಗ ‘ಗ್ಲೋಬಲ್ ನೀಡಲ್’ (ಯಾವ ದೇಶದಲ್ಲಾದರೂ ವಾಲದೆ ತಿರುಗುವ ಮುಳ್ಳು) ಇದೆಯಾ ಅಂತ ಕೇಳಿ.

ಇನ್ನೊಂದು, ಕುದುರೆಮುಖದ ಅದಿರೇ ಮ್ಯಾಗ್ನೆಟೈಟ್, ಮುಳ್ಳನ್ನು ಎಳೆಯುವ ಕಾಂತೀಯ ಕಬ್ಬಿಣದ ಅದಿರು. 2005ರ ಕೊನೆಗೆ ಗಣಿ ನಿಂತಿತು, ಅದಿರು ಬೆಟ್ಟದಲ್ಲೇ ಇದೆ. ಅಲ್ಲಿ ಬಂಡೆ ಮೇಲಿಟ್ಟು ಓದಬೇಡಿ. ಎದೆಮಟ್ಟ ಹಿಡಿದು ಹೋಗುವ ದಿಕ್ಕನ್ನು ಓದಿ, ಅದೇ ದಿಕ್ಕಿಗೆ ಐವತ್ತು ಹೆಜ್ಜೆ ನಡೆದು ಹಿಂದೆ ನಿಂತ ಜಾಗಕ್ಕೆ ತಿರುಗಿ ಓದಿ. ಎರಡರ ನಡುವೆ 180 ಡಿಗ್ರಿ ಬರಬೇಕು. ಬರದಿದ್ದರೆ ಎರಡು ಕಡೆಯಲ್ಲಿ ಒಂದು ಕಡೆ ಬಂಡೆ ಎಳೆಯುತ್ತಿದೆ. ಒಂದು ಡಿಗ್ರಿ ತಪ್ಪಿಗೆ ಕಿಲೋಮೀಟರಿಗೆ ಸುಮಾರು 17 ಮೀಟರ್ ಪಕ್ಕಕ್ಕೆ ಹೋಗುತ್ತೀರಿ, ಹತ್ತು ಡಿಗ್ರಿ ಆದರೆ ಬೇರೆ ಕಣಿವೆಗೇ ಇಳಿದುಬಿಡುತ್ತೀರಿ.

ಮೊಬೈಲ್ ಮತ್ತು ಕಂಪಾಸ್ ಒಂದೇ ಜೇಬಿನಲ್ಲಿ ಬೇಡ. ಆಯಸ್ಕಾಂತ ಇರುವ ಫೋನ್ ಕವರ್ ಮುಳ್ಳಿನ ಉತ್ತರ ದಕ್ಷಿಣವನ್ನೇ ಅದಲುಬದಲು ಮಾಡಬಲ್ಲದು. ಹೊರಡುವ ಮುಂಚೆ ಬೆಳಗಿನ ಸೂರ್ಯನಿಗೆ ಒಮ್ಮೆ ಹೋಲಿಸಿ ನೋಡಿ. ಡೀಟ್ (DEET) ಅನ್ನುವ ರಾಸಾಯನಿಕ ಇರುವ ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲೂ ಮುಟ್ಟಬೇಡಿ, ಪ್ಲಾಸ್ಟಿಕ್ ಹಾಳಾಗುತ್ತದೆ.

ಬೀಗದ ಕೈ ಪರೀಕ್ಷೆ ನಾಳೆ ಮಾಡಿ, ಮೊದಲಿನ ಅಂಕಿ ಮತ್ತು ಆಮೇಲಿನ ನಾಲ್ಕು ಅಂಕಿ ಇಲ್ಲೇ ಬರೆಯಿರಿ. ಪಕ್ಕದಿಂದ ತೆಗೆದ ಒಂದು ಫೋಟೋನೂ ಹಾಕಿ, ಮುಳ್ಳು ಎಷ್ಟು ಬಗ್ಗಿದೆ ಅಂತ ನೋಡಿ ಹೇಳುತ್ತೇನೆ.