ಕೇಬಲ್ ಎಳೆಯೋದು ಗೊತ್ತು, ಡಿಸೈನ್ ಕಲಿಯೋದು ಹೇಗೆ?

ಪ್ರಶ್ನೆ: ಡಿಪ್ಲೊಮಾ ಮುಗಿಸಿ ಕಂಪ್ಯೂಟರ್ ಸರ್ವಿಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕ್ರಿಂಪಿಂಗ್ (ಕೇಬಲ್ ತುದಿಗೆ ಪ್ಲಗ್ ಕೂರಿಸುವುದು), ರೂಟರ್ ಸೆಟ್ಟಿಂಗ್ ಎಲ್ಲ ಬರುತ್ತದೆ. ಈಗ ಮೂರು ಮಹಡಿಯ ಬಟ್ಟೆ ಅಂಗಡಿಯೊಂದರ ಪೂರ್ತಿ ನೆಟ್‌ವರ್ಕ್ ನೀನೇ ಪ್ಲಾನ್ ಮಾಡು ಅಂತ ಮಾಲೀಕರು ಹೇಳಿದ್ದಾರೆ. ಎಲ್ಲಿಂದ ಶುರು ಮಾಡಲಿ ಸರ್? ಸಿಸಿಎನ್‌ಎ (ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಟ್) ಮಾಡಿದರೆ ಸಾಕಾ?
– ಓದುಗರು, ದಾವಣಗೆರೆ

ಉತ್ತರ: ಯಾವ ಕಂಪನಿಯ ಸ್ವಿಚ್ (ನೆಟ್‌ವರ್ಕ್ ಕೇಬಲ್‌ಗಳನ್ನೆಲ್ಲ ಜೋಡಿಸುವ ಪೆಟ್ಟಿಗೆ) ತಗೊಳ್ಳಲಿ ಅಂತ ಕೇಳಲಿಲ್ಲವಲ್ಲ, ಅದೇ ಸಂತೋಷ! ಮೊದಲು ಅಂಗಡಿಯವರ ಜೊತೆ ಕೂತು ಮಾತಾಡಿ. ಬಿಲ್ಲಿಂಗ್ ಕೌಂಟರ್ ಎಷ್ಟು, ಹಬ್ಬದ ಸೀಸನ್‌ಗೆ ಇನ್ನೆಷ್ಟು ಹಾಕುತ್ತಾರೆ, ಇಂಟರ್ನೆಟ್ ಹೋದರೆ ಬಿಲ್ ನಿಲ್ಲುತ್ತಾ? ಈ ಕೊನೆಯದು ಮುಖ್ಯ. ಬಿಲ್ಲಿಂಗ್ ಸಾಫ್ಟ್‌ವೇರ್ ಅಂಗಡಿಯ ಸರ್ವರ್‌ನಲ್ಲೇ ಇದ್ದರೆ ನೆಟ್ ಇಲ್ಲದಿದ್ದರೂ ಬಿಲ್ ಆಗುತ್ತದೆ. ಕ್ಲೌಡ್‌ನಲ್ಲಿದ್ದರೆ ಎರಡು ಕಂಪನಿಯ ಎರಡು ಲೈನ್ ಬೇಕು, ಅದೂ ಎರಡು ಬೇರೆ ದಾರಿಯಲ್ಲಿ ಬರಬೇಕು. ಒಂದೇ ಕಂಬದ ಮೇಲೆ ಬಂದರೆ ಎರಡೂ ಒಟ್ಟಿಗೇ ಹೋಗುತ್ತವೆ ಅಲ್ವಾ?

ಆಮೇಲೆ ಕಟ್ಟಡದ ನಕ್ಷೆ ಹಿಡಿದು ಓಡಾಡಿ. ಈಥರ್ನೆಟ್ ತಾಮ್ರದ ಕೇಬಲ್‌ಗೆ ಮಿತಿ 100 ಮೀಟರ್, ಎರಡೂ ತುದಿಯ ಪ್ಯಾಚ್ ಕಾರ್ಡ್ (ಸಾಧನಕ್ಕೆ ಜೋಡಿಸುವ ಗಿಡ್ಡ ಕೇಬಲ್) ಸೇರಿ. ಹಿಂದಿನ ಗೋಡೌನ್ ಅದಕ್ಕಿಂತ ದೂರವಿದ್ದರೆ ಫೈಬರ್ ಹಾಕಿ.

ಇನ್ನು ಐಪಿ ಪ್ಲಾನ್, ಅಂದರೆ ಯಾವ ಸಾಧನಕ್ಕೆ ಯಾವ ನೆಟ್‌ವರ್ಕ್ ವಿಳಾಸ ಅನ್ನೋ ಲೆಕ್ಕ. ಬಿಲ್ಲಿಂಗ್, ಕ್ಯಾಮೆರಾ, ಆಫೀಸ್, ಗಿರಾಕಿಗಳ ವೈಫೈ, ಎಲ್ಲವನ್ನೂ ಒಂದೇ ನೆಟ್‌ವರ್ಕ್‌ಗೆ ಸುರಿಯಬೇಡಿ, ಬೇರೆ ಬೇರೆ ವಿಎಲ್ಯಾನ್ (ಅದೇ ಸ್ವಿಚ್‌ನಲ್ಲಿ ಸೆಟ್ಟಿಂಗ್ ಮೂಲಕ ಬೇರ್ಪಡಿಸಿದ ನೆಟ್‌ವರ್ಕ್) ಮಾಡಿ. ಬಿಲ್ಲಿಂಗ್‌ಗೆ ವಿಎಲ್ಯಾನ್ 10 ಕೊಟ್ಟರೆ ಐಪಿಯೂ 192.168.10 ರಿಂದಲೇ ಶುರುವಾಗಲಿ, ಕ್ಯಾಮೆರಾಗೆ 20, ಹೀಗೆ. ಆರು ತಿಂಗಳು ಬಿಟ್ಟು ಬಂದರೂ ಐಪಿ ನೋಡಿದ ಕೂಡಲೇ ಯಾವುದು ಅಂತ ಗೊತ್ತಾಗುತ್ತದೆ. ಸುಮ್ನೆ ಬೇರೆ ಮಾಡಿದರೆ ಸಾಲದು, ಗಿರಾಕಿಗಳ ವೈಫೈಯಿಂದ ಬಿಲ್ಲಿಂಗ್ ಕಡೆಗೆ ಹೋಗದಂತೆ ಫೈರ್‌ವಾಲ್‌ನಲ್ಲಿ ತಡೆಯಿರಿ. ಇಂಥ ಒಂದೊಂದು ನೆಟ್‌ವರ್ಕ್‌ನಲ್ಲಿ (ವಿಳಾಸದ ಮೊದಲ ಮೂರು ಭಾಗ ಒಂದೇ ಇರುವ ಇದನ್ನು /24 ಅನ್ನುತ್ತಾರೆ) ಬಳಸಲು ಸಿಗುವುದು 254 ವಿಳಾಸ ಮಾತ್ರ. ದೀಪಾವಳಿ ಜನ ಬಂದು ಹೋಗುತ್ತಿರುವಾಗ ಗಿರಾಕಿಗಳ ವೈಫೈಯಲ್ಲಿ ಡಿಎಚ್‌ಸಿಪಿ ಲೀಸ್ (ಫೋನಿಗೆ ತಾನಾಗಿ ಸಿಕ್ಕ ವಿಳಾಸ ಎಷ್ಟು ಹೊತ್ತು ಅದರದೇ ಅನ್ನೋ ಅವಧಿ) 24 ಗಂಟೆ ಇಟ್ಟಿದ್ದರೆ, ಅಂಗಡಿ ಬಿಟ್ಟು ಹೋದವರ ಫೋನಿಗೂ ಒಂದೊಂದು ವಿಳಾಸ ಹಿಡಿದಿರುತ್ತದೆ, ಮಧ್ಯಾಹ್ನದ ಮೇಲೆ ಬಂದವರಿಗೆ ಸಿಗ್ನಲ್ ಫುಲ್, ನೆಟ್ ಮಾತ್ರ ಇಲ್ಲ. ಲೀಸನ್ನು ಒಂದು ಗಂಟೆಗೆ ಇಳಿಸಿ.

ಕ್ಯಾಮೆರಾಗೆ ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವ ಸ್ವಿಚ್) ತರುವಾಗ ಪೋರ್ಟ್ ಎಣಿಸಿದರೆ ಆಗಲಿಲ್ಲ, ಒಟ್ಟು ವಾಟ್ ಎಷ್ಟು ಕೊಡುತ್ತದೆ ನೋಡಿ. ಎಂಟು ಪೋರ್ಟ್, ಒಟ್ಟು 60 ವಾಟ್ ಅಂದುಕೊಳ್ಳಿ. ಹಗಲು ಕ್ಯಾಮೆರಾ ಒಂದಕ್ಕೆ 5 ವಾಟ್ ಸಾಕು, ಎಲ್ಲ ಸರಿಯಿರುತ್ತದೆ. ರಾತ್ರಿ ಇನ್‌ಫ್ರಾರೆಡ್ ಲೈಟ್ ಹತ್ತಿ 9 ವಾಟ್ ಆದರೆ ಲೆಕ್ಕ 72ಕ್ಕೆ ಹೋಯಿತು, ಒಂದೆರಡು ಕ್ಯಾಮೆರಾ ಬಂದ್. ಕಳ್ಳರಿಗೆ ಅನುಕೂಲ!

ಸಿಸಿಎನ್‌ಎ ಮಾಡಿ, ಸಬ್‌ನೆಟ್ಟಿಂಗ್ (ವಿಳಾಸಗಳನ್ನು ಭಾಗ ಮಾಡುವುದು), ರೂಟಿಂಗ್ (ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ದಾರಿ ಮಾಡುವುದು) ಗಟ್ಟಿಯಾಗುತ್ತದೆ. ಗಿರಾಕಿ ಹತ್ತಿರ ಏನು ಕೇಳಬೇಕು ಅನ್ನೋದನ್ನು ಅದು ಜಾಸ್ತಿ ಕಲಿಸಲ್ಲ. ನೆಟ್‌ವರ್ಕನ್ನು ಕಂಪ್ಯೂಟರ್ ಪರದೆಯಲ್ಲೇ ಕಟ್ಟಿ ನೋಡುವ ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಇದೇ ಅಂಗಡಿಯನ್ನು ಅದರಲ್ಲಿ ಕಟ್ಟಿ ಒಂದೊಂದೇ ಕೇಬಲ್ ಅಳಿಸಿ ಏನೇನು ನಿಲ್ಲುತ್ತದೆ ನೋಡಿ. ಕೆಲಸ ಮುಗಿದ ಮೇಲೆ ಕೇಬಲ್‌ನ ಎರಡೂ ತುದಿಗೆ ಲೇಬಲ್ ಅಂಟಿಸಿ, ಐಪಿ ಪಟ್ಟಿಯ ಒಂದು ಪ್ರತಿ ರ‍್ಯಾಕ್ ಬಾಗಿಲ ಒಳಗಿರಲಿ, ಪಾಸ್‌ವರ್ಡ್ ಮಾತ್ರ ಅಂಗಡಿಯವರ ಕೈಗೇ ಕೊಡಿ.